ನೀರಿನೊಳಗೆ ರೀಟೇಕ್ ಇಲ್ಲ!

15 ಮೀಟರ್ ಆಳದಲ್ಲಿ ಉಸಿರೆಳೆದೆ. ಬರಲಿಲ್ಲ. ಇನ್ನೊಮ್ಮೆ ಎಳೆದೆ. ಖಾಲಿಯಾದ ಎಳನೀರಿಗೆ ಕೊಳವೆ ಹಾಕಿ ಎಳೆದ ಹಾಗೆ, ಇಷ್ಟೇ ಇಷ್ಟು ಬಂದು ನಿಂತುಹೋಯಿತು.

ಸಿನಿಮಾದಲ್ಲಾದರೆ ಈ ಹೊತ್ತಿಗೆ ಹಿನ್ನೆಲೆ ಸಂಗೀತ ಜೋರಾಗಬೇಕು. ಊರಿನಲ್ಲಿ ತಾಯಿಯ ಕೈಯಿಂದ ಆರತಿ ತಟ್ಟೆ ಬೀಳಬೇಕು. ನನಗೆ ಅದ್ಯಾವ ಭಾಗ್ಯವೂ ಇರಲಿಲ್ಲ ಸ್ವಾಮಿ! ಇದ್ದದ್ದು ಎರಡೇ: ಕೆಂಪು ಗೆರೆ ದಾಟಿ ಕೆಳಗೆ ಮಲಗಿದ ಗಾಳಿಯ ಮುಳ್ಳು, ನಾಲ್ಕೈದು ಮಾರು ದೂರದಲ್ಲಿ ನನ್ನ ಭಾವ.

ಅಲ್ಲಿಗೆ ಹೋಗಿದ್ದಾದರೂ ಹೇಗೆ? ಮೊದಲಿಂದ ಹೇಳ್ತೀನಿ ಕೇಳಿ.

ಅಪ್ಪು ಹಚ್ಚಿದ ಹುಚ್ಚು

2022ರ ಅಕ್ಟೋಬರ್ 28ರಂದು ‘ಗಂಧದ ಗುಡಿ’ ತೆರೆಗೆ ಬಂತಲ್ಲ, ನಿಮಗೂ ನೆನಪಿರಬೇಕು. ಪುನೀತ್ ನಮ್ಮನ್ನಗಲಿ ಒಂದು ವರ್ಷ ತುಂಬುವ ಹೊತ್ತು. ಅಮೋಘವರ್ಷ ನಿರ್ದೇಶಿಸಿದ ಆ ಚಿತ್ರದಲ್ಲಿ ಅಪ್ಪು ನೇತ್ರಾಣಿಯ ನೀರಿಗೆ ಇಳಿಯುವುದನ್ನು ನೋಡಿ ನಾನೂ ಭಾವನೂ ಬಾಯಿ ಬಿಟ್ಟುಕೊಂಡು ಕೂತಿದ್ದೆವು. ಹೊರಗೆ ಬಂದವರೇ ಭಾವ ಅಂದರು: “ಘಟ್ಟ ಇಳಿದರೆ ಮುರುಡೇಶ್ವರ ಕಣೋ. ನಾವ್ಯಾಕೆ ಕಲೀಬಾರದು?”

ಭಾವ ಅಂದರೆ ನನ್ನ ಅಕ್ಕನ ಗಂಡ. ಸಾಗರದ ಕಡೆ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತಾರೆ. ಐದು ಪೈಸೆ ಹೆಚ್ಚುಕಮ್ಮಿಯಾದರೂ ರಾತ್ರಿ ನಿದ್ದೆ ಮಾಡದ ಜೀವ. ನಾನೋ, ಪಿಯುಸಿ ಅರ್ಧಕ್ಕೆ ಬಿಟ್ಟು ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆಯುವವನು. ಲೆಕ್ಕಕ್ಕೂ ನನಗೂ ಎಣ್ಣೆ ಸೀಗೇಕಾಯಿ ಸಂಬಂಧ.

ಮರುವರ್ಷದ ಚಳಿಗಾಲದಲ್ಲಿ ಹೊರಟೇಬಿಟ್ಟೆವು. “ಇಬ್ಬರೂ ಒಟ್ಟಿಗೆ ಹೋಗ್ತಿದ್ದೀರಿ, ಒಟ್ಟಿಗೇ ಬನ್ನಿ,” ಅಂತ ಅಕ್ಕ ಬಸ್‌ಸ್ಟಾಂಡಿನವರೆಗೂ ಬಂದು ಹೇಳಿದಳು. ಮಗು ಅವಳ ಸೊಂಟದಲ್ಲಿತ್ತು.

ಕಲಿಯುವ ಮೊದಲು ಆರೋಗ್ಯದ ಬಗ್ಗೆ ಒಂದು ಪ್ರಶ್ನೆಪಟ್ಟಿ ಕೊಡ್ತಾರೆ. ಉಬ್ಬಸ ಇದೆಯೇ, ಎದೆನೋವು ಇದೆಯೇ, ಕಿವಿಯ ತೊಂದರೆ ಇದೆಯೇ ಅಂತ. ಭಾವ ಕನ್ನಡಕ ಹಾಕಿಕೊಂಡು ಒಂದೊಂದು ಸಾಲೂ ಓದಿದರು. ನಾನು ಎಲ್ಲದಕ್ಕೂ ‘ಇಲ್ಲ’ ಅಂತ ಗೀಚಿ ಸಹಿ ಹಾಕಿ ಚಾ ಕುಡಿಯಲು ಹೋದೆ. ನನ್ನ ಕಥೆ ಕೆಟ್ಟಿದ್ದು ನೀರಿನಲ್ಲಲ್ಲ, ಅಲ್ಲೇ!

ಬಡ್ಡಿ ಅಂದರೆ ಯಾವ ಬಡ್ಡಿ?

ಸ್ಕೂಬಾದಲ್ಲಿ ಒಂಟಿಯಾಗಿ ಯಾರೂ ಇಳಿಯಬಾರದು, ಇಬ್ಬಿಬ್ಬರು ಜೋಡಿ. ಜೊತೆಗಾರನಿಗೆ ಇಂಗ್ಲಿಷಿನಲ್ಲಿ ‘ಬಡ್ಡಿ’ ಅಂತಾರೆ. “ನಮ್ಮ ಸಂಘದಲ್ಲಿ ಬಡ್ಡಿ ಅಂದರೆ ಬೇರೆ ಮಾರಾಯ!” ಅಂತ ಭಾವ ನಕ್ಕರು. ಕಲಿಸುವವರೂ ನಕ್ಕರು.

ಬೆನ್ನಿಗೆ ಕಟ್ಟುವ ಸಿಲಿಂಡರಿನಲ್ಲಿ ಆಮ್ಲಜನಕ ಇರುತ್ತೆ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ, ನಾವು ನೀವು ಉಸಿರಾಡುವ ಮಾಮೂಲಿ ಗಾಳಿಯೇ. ಸುಮಾರು 200 ಬಾರ್ ಒತ್ತಡದಲ್ಲಿ ತುಂಬಿರ್ತಾರೆ. ಆಳಕ್ಕೆ ಹೋದ ಹಾಗೆ ಅದು ಬೇಗ ಮುಗಿಯುತ್ತೆ. ನೀರಿನ ಮೇಲೆ ಒಂದು ಗಂಟೆ ಬರುವ ಗಾಳಿ 10 ಮೀಟರಿನಲ್ಲಿ ಅರ್ಧ ಗಂಟೆ, 20 ಮೀಟರಿನಲ್ಲಿ 20 ನಿಮಿಷ. ಒತ್ತಡದ ಪಾಠವನ್ನು ಕಾಲೇಜಿನಲ್ಲಿ ತಪ್ಪಿಸಿಕೊಂಡಿದ್ದೆ. ಸಮುದ್ರ ಹಿಡಿದು ಕೂರಿಸಿ ಹೇಳಿಕೊಟ್ಟಿತು.

ಪ್ರತಿಯೊಬ್ಬರ ಬಳಿಯೂ ಬಾಯಿಗಿಡುವ ಕೊಳವೆ ಎರಡು. ಒಂದು ತನಗೆ. ಇನ್ನೊಂದು, ಹಳದಿ ಬಣ್ಣದ್ದು, ಜೊತೆಗಾರನಿಗೆ ಗಾಳಿ ಮುಗಿದರೆ ಕೊಡೋದಕ್ಕೆ. 50 ಬಾರ್ ಉಳಿದಿರುವಾಗಲೇ ಮೇಲಿರಬೇಕು ಅಂತ ಕಟ್ಟಳೆ. ಇಳಿಯುವ ಮುಂಚೆ ಒಬ್ಬರ ಸಾಮಾನು ಇನ್ನೊಬ್ಬರು ಮುಟ್ಟಿ ನೋಡಬೇಕು: ಜಾಕೀಟಿನಲ್ಲಿ ಗಾಳಿ ನಿಲ್ಲುತ್ತದೆಯೇ, ತೂಕದ ಬೆಲ್ಟು ಸರಿಯಿದೆಯೇ, ಕೊಕ್ಕೆಗಳು ಬಿಗಿಯಾಗಿವೆಯೇ, ಸಿಲಿಂಡರಿನ ತಿರುಪು ಪೂರ್ತಿ ತೆರೆದಿದೆಯೇ, ಮುಳ್ಳು ಎಲ್ಲಿದೆ? ಇನ್ನು ನೀರಿನೊಳಗೆ ಹೆಬ್ಬೆರಳು ಎತ್ತಿದರೆ ‘ಸೂಪರ್’ ಅಂತ ಅರ್ಥವಲ್ಲ, ‘ಮೇಲಕ್ಕೆ ಹೋಗೋಣ’ ಅಂತ. ಅಂದರೆ ಪ್ಯಾಕಪ್! ಯಾರು ಎತ್ತಿದರೂ, ಕಾರಣ ಕೇಳದೆ ಪ್ಯಾಕಪ್.

ಇವೆಲ್ಲ ಪರೀಕ್ಷೆಯಲ್ಲಿ ಬರೆದು ಪಾಸಾದೆ. ಪಾಸಾದ ಮಾರನೇ ದಿನವೇ ಮರೆತೆ.

ಆಮೆಯ ಹಿಂದೆ ಹೋದವನು

ದೋಣಿ ನೇತ್ರಾಣಿ ಮುಟ್ಟಿತು. ಸರ್ಟಿಫಿಕೇಟ್ ಬಂದ ಮೇಲೆ ಮೊದಲ ಮೋಜಿನ ಮುಳುಗು. ಭಾವ ನನ್ನ ಸಾಮಾನು ಮುಟ್ಟಿ ನೋಡಲು ಬಂದರು. “ಎಲ್ಲ ಸರಿ ಇದೆ ಬಿಡಿ ಭಾವ, ಮದುವೆ ಹೆಣ್ಣು ನೋಡಿದ ಹಾಗೆ ನೋಡ್ತೀರಲ್ಲ!” ಅಂತ ಕೈ ತಳ್ಳಿ ನೀರಿಗೆ ಹಾರಿದೆ.

ಗೈಡು ಮುಂದೆ, ನಾವಿಬ್ಬರು ಕೊನೆಯಲ್ಲಿ. ನನ್ನ ಕೈಯಲ್ಲಿ ಬಾಡಿಗೆ ಕ್ಯಾಮೆರಾ. ಒಂದು ಆಮೆ ಕಂಡಿತು. ಅಬ್ಬ, ಎಂಥ ನಟಿ! ಹತ್ತಿರ ಹೋದರೆ ಮುಂದೆ, ನಿಂತರೆ ನಿಲ್ಲೋದು. ನಾನು ಕಾಲು ಬಡಿದೆ, ಏದುಸಿರು ಬಿಟ್ಟೆ. ಮುಳ್ಳು ನೋಡಲೇ ಇಲ್ಲ. ಯಾಕೆ ನೋಡಬೇಕು? ಭಾವ ಇದ್ದಾರಲ್ಲ!

ಆಮೇಲೆ ಆಗಿದ್ದು ಮೊದಲೇ ಹೇಳಿದೆ. ಉಸಿರು ಬರಲಿಲ್ಲ.

ನೇರ ಮೇಲಕ್ಕೆ ನುಗ್ಗೋಣ ಅಂತ ಕಾಲು ಹೇಳಿತು. ಉಸಿರು ಕಟ್ಟಿ ಹಾಗೆ ನುಗ್ಗಿದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಒಡೆಯಬಹುದು ಅಂತ ಕಲಿಸಿದ್ದರು. ಅದೊಂದು ಮಾತು ಹೇಗೋ ತಲೆಯಲ್ಲಿ ಉಳಿದಿತ್ತು. ತಿರುಗಿ ನೋಡಿದೆ. ಭಾವ ಆಗಲೇ ನನ್ನ ಕಡೆಗೆ ಬರ್ತಿದ್ದರು. ಆಮೆಯನ್ನಲ್ಲ, ಅಷ್ಟು ಹೊತ್ತೂ ನನ್ನನ್ನೇ ನೋಡ್ತಿದ್ದರಂತೆ. ಕುತ್ತಿಗೆಗೆ ಅಡ್ಡ ಕೈ ಆಡಿಸಿದೆ. ಹಳದಿ ಕೊಳವೆ ನನ್ನ ಬಾಯಿಗೆ ಬಂತು.

ಆ ಮೊದಲ ಉಸಿರು! ಯಾವ ಹಬ್ಬದ ಹೋಳಿಗೆಗೂ ಆ ರುಚಿ ಇಲ್ಲ.

ಭಾವ ನನ್ನ ಜಾಕೀಟಿನ ಪಟ್ಟಿ ಬಿಗಿಯಾಗಿ ಹಿಡಿದರು. ಹೆಬ್ಬೆರಳು ಎತ್ತಿದರು. ನಿಧಾನವಾಗಿ ಏರಿ, 5 ಮೀಟರಿನಲ್ಲಿ 3 ನಿಮಿಷ ನಿಂತೆವು. ನನ್ನ ಮುಖ ಅವರ ಮುಖದಿಂದ ಒಂದು ಮೊಳ ದೂರ. ಅವರ ಕಣ್ಣಿನಲ್ಲಿ ಕೋಪ ಇರಲಿಲ್ಲ, ಭಯ ಇತ್ತು. ಕೋಪವೇ ಇದ್ದಿದ್ದರೆ ಚೆನ್ನಾಗಿತ್ತು.

ಅಸಲು ಎಲ್ಲಿ?

ದೋಣಿ ಹತ್ತಿದವನೇ ಕೂಗಾಡಿದೆ. ಸಿಲಿಂಡರ್ ಪೂರ್ತಿ ತುಂಬಿರಲಿಲ್ಲ, ಇವರ ತಪ್ಪು ಅಂದೆ. ಗೈಡು ಒಂದೇ ಪ್ರಶ್ನೆ ಕೇಳಿದ: “ಇಳಿಯುವಾಗ ಎಷ್ಟಿತ್ತು ಮಾರಾಯ್ರೆ?”

ಇವತ್ತಿಗೂ ನನಗೆ ಗೊತ್ತಿಲ್ಲ. ನೋಡಿದ್ದರೆ ತಾನೇ!

ವಾಪಸ್ ಬರುವಾಗ ಬಸ್ಸಿನಲ್ಲಿ ಭಾವ ಬಹಳ ಹೊತ್ತು ಮಾತಾಡಲಿಲ್ಲ. ಘಟ್ಟದ ತಿರುವಿನಲ್ಲಿ ಅಂದರು: “ನೀನು ಅಪಾಯದಲ್ಲಿದ್ದೆ ಅಂತ ತಿಳ್ಕೊಂಡಿದ್ದೀಯ. ನಾನೂ ಇದ್ದೆ ಕಣೋ. ನನ್ನ ಕೊಳವೆ ಕೆಟ್ಟಿದ್ದರೆ ನಾನು ಬರಬೇಕಾಗಿದ್ದು ನಿನ್ನ ಹತ್ತಿರ. ನಿನ್ನ ಹತ್ತಿರ ಏನಿತ್ತು? ಅಸಲೇ ಇಲ್ಲದವನು ಬಡ್ಡಿ ಎಲ್ಲಿಂದ ಕೊಡ್ತೀಯ?”

ಓದುಗರೇ, ಆ ಮಾತು ನನ್ನ ಕೆನ್ನೆಗೆ ಬಿತ್ತು. ಅಲ್ಲಿಯವರೆಗೂ ನಾನು ತಿಳಿದದ್ದು, ಜೊತೆಗಾರ ಅಂದರೆ ನನ್ನನ್ನು ಕಾಯುವವನು ಅಂತ. ನನ್ನ ಸಿಲಿಂಡರಿನ ಕೊನೆಯ 50 ಬಾರ್ ನನ್ನದಲ್ಲ, ಅದು ಅವರದು. ಅಕ್ಕನದು, ಅವಳ ಸೊಂಟದ ಮೇಲಿದ್ದ ಮಗುವಿನದು. ಅದನ್ನು ಒಂದು ಆಮೆಯ ಫೋಟೋಗೆ ಖರ್ಚು ಮಾಡಿ ಬಂದಿದ್ದೆ. ಫೋಟೋನೂ ಮಸುಕು!

ನಮ್ಮ ಚಿತ್ರರಂಗ ಈ ಪಾಠಕ್ಕೆ ಬಹಳ ದೊಡ್ಡ ಬೆಲೆ ತೆತ್ತಿದೆ. 2016ರ ನವೆಂಬರ್ 7ರಂದು ‘ಮಾಸ್ತಿಗುಡಿ’ ಚಿತ್ರೀಕರಣದಲ್ಲಿ ಹೆಲಿಕಾಪ್ಟರಿನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹಾರಿದ ಅನಿಲ್, ಉದಯ್ ಮತ್ತೆ ಜೀವಂತ ಮೇಲೆ ಬರಲಿಲ್ಲ. ಇಬ್ಬರಿಗೂ ಲೈಫ್ ಜಾಕೆಟ್ ಇರಲಿಲ್ಲ. ಅಲ್ಲಿ ಯಾರದು ಎಷ್ಟು ತಪ್ಪು ಅಂತ ಹೇಳಲು ನಾನು ಯಾರು? ಆದರೆ ‘ಇನ್ನೊಬ್ಬರು ನೋಡ್ಕೋತಾರೆ’ ಅನ್ನೋ ಮಾತು ಕೇಳಿದಾಗಲೆಲ್ಲ ಆ ಎರಡು ಮುಖ ನೆನಪಾಗುತ್ತವೆ. ನೀರಿಗೆ ನಾಯಕ, ಖಳನಾಯಕ, ಪತ್ರಕರ್ತ ಎಲ್ಲ ಒಂದೇ. ಅಲ್ಲಿ ಡ್ಯೂಪ್ ಇಲ್ಲ, ರೀಟೇಕ್ ಇಲ್ಲ.

ಆಮೇಲೂ ನಾವಿಬ್ಬರು ನೇತ್ರಾಣಿಗೆ ಹೋಗಿದ್ದೇವೆ. ಈಗ ನಾನೇ ಮೊದಲು ಅವರ ಕೊಕ್ಕೆ ಮುಟ್ಟಿ ನೋಡ್ತೀನಿ. ಕೆಲವು ನಿಮಿಷಕ್ಕೊಮ್ಮೆ ಮುಳ್ಳು ನೋಡಿ ಬೆರಳಿನಲ್ಲಿ ಲೆಕ್ಕ ತೋರಿಸ್ತೀನಿ. ಒಂದು ಸಲ ನೆಗಡಿ ಇತ್ತು. “ಇವತ್ತು ನಾನಿಳಿಯಲ್ಲ ಭಾವ,” ಅಂದೆ. ದುಡ್ಡು ಹೋಯಿತು. ಭಾವ ಬೆನ್ನು ತಟ್ಟಿದರು: “ಈಗ ಲೆಕ್ಕ ಕಲಿತೆ.”

ಅಂದಹಾಗೆ, ಅಕ್ಕನಿಗೆ ಈ ವಿಷಯ ಇನ್ನೂ ಗೊತ್ತಿಲ್ಲ. ಭಾವ ಹೇಳಿಲ್ಲ, ನನಗೆ ಧೈರ್ಯ ಬಂದಿಲ್ಲ. ಅವಳು ಪ್ರತಿ ವಾರ ಬಸ್‌ಸ್ಟಾಂಡಿನಲ್ಲಿ ಇದೇ ಪತ್ರಿಕೆ ಕೊಂಡು ಓದ್ತಾಳೆ. ಸಾಗರದ ಅಂಗಡಿಯವರೇ, ಈ ವಾರ ಪ್ರತಿ ಮುಗಿದಿದೆ ಅಂತ ಅಂದುಬಿಡಿ, ನಿಮಗೆ ಪುಣ್ಯ ಬರುತ್ತೆ!