ಮಾಳಿಗೆ ಮನೆಯ ಲೆಕ್ಕ

ಬಿ.ಕಾಂ. ಓದುವವರಿಗೆ ಸವಕಳಿಯ ಪಾಠ ಗೊತ್ತೇ ಇದೆ. ಆಸ್ತಿಯ ಬೆಲೆ ವರ್ಷ ವರ್ಷ ಇಳಿದು, ಕೊನೆಗೆ ಗುಜರಿ ಬೆಲೆ ಉಳಿಯುತ್ತದೆ. ಜಪಾನಿನ ತೆರಿಗೆ ಲೆಕ್ಕದಲ್ಲಿ ಮರದ ಮನೆಗೆ ಆಯುಷ್ಯ ಬರೀ 22 ವರ್ಷ! 2023ರ ಸಮೀಕ್ಷೆಯಂತೆ ಅಲ್ಲಿ ಸುಮಾರು 90 ಲಕ್ಷ ಮನೆಗಳು ಖಾಲಿ. ಆದರೂ ಹಳ್ಳಿಯ ಹಳೇ ರೈತಮನೆಗಳನ್ನು ಅಗ್ಗಕ್ಕೆ ಕೊಂಡು, ಕಂಬ ತೊಲೆ ಉಳಿಸಿ, ರಿಪೇರಿ ಮಾಡಿ ಬಾಳುವವರು ಅಲ್ಲಿದ್ದಾರೆ.

ನಾವಿರುವುದು ಜೀಡಿಮೆಟ್ಲಾದಲ್ಲಿ, ಸಿಮೆಂಟು ತಗಡಿನ ಬಾಡಿಗೆ ಖೋಲಿಯಲ್ಲಿ. ಅಪ್ಪನಿಗೆ ಲೇತ್ ಕೆಲಸ. ಬೀದರ್ ಕಡೆಯ ನಮ್ಮ ಮಾಳಿಗೆ ಮನೆಯೂ ಈಗ ಗುಜರಿ ಬೆಲೆಗೆ ಬಂದಿದೆ. "ಮನಿ ಯಾರಿಗೂ ಬ್ಯಾಡ, ಸಾಗವಾನಿ ತೊಲಿ ಅಷ್ಟೇ ಕೇಳ್ಲಾಕತ್ಯಾರ. ಬಂದದ್ದು ಹಂಚ್ಕೊಳ್ಳೋಣ" ಅಂತಾನೆ ಕಾಕಾ. ಅವನನ್ನು ಬೈಯುವ ಹಾಗಿಲ್ಲ. ತಂಗಿಯ ನರ್ಸಿಂಗ್ ಫೀಸಿಗೆ ನಮಗೂ ಆ ಪಾಲು ಬೇಕು.

ಈ ಲೆಕ್ಕವನ್ನು ತಿರುವಿ ಹಾಕಿದವರು ಮಣಿಪಾಲದ ವಿಜಯನಾಥ ಶೆಣೈ. ಬ್ಯಾಂಕ್ ನೌಕರಿಯಲ್ಲಿದ್ದವರು. ಕೆಡವಲು ಹೊರಟ ಮನೆಗಳನ್ನು ಬಿಡಿಬಿಡಿಯಾಗಿ ಬಿಚ್ಚಿ ತಂದು, ಮತ್ತೆ ಜೋಡಿಸಿ ನಿಲ್ಲಿಸಿದರು. ಕುಕನೂರಿನ ಕಮಲ್ ಮಹಲ್, ಮುಧೋಳ ಅರಮನೆಯ ದರ್ಬಾರ್ ಹಾಲ್ ಇಂದು ಮಣಿಪಾಲದಲ್ಲಿವೆ. ಶೆಣೈ 2017ರಲ್ಲಿ ತೀರಿಕೊಂಡರು, ಮನೆಗಳು ನಿಂತಿವೆ. ಆದರೆ ಅದು ಮ್ಯೂಸಿಯಂ, ಅಲ್ಲಿ ಯಾರೂ ರೊಟ್ಟಿ ಬಡಿಯುವುದಿಲ್ಲ.

ನಮ್ಮ ಮನೆ ಬದುಕಬೇಕಾದರೆ ಬೇರೆಯದೇ ಬೇಕು. ತೊಲೆ, ಅದರ ಮೇಲೆ ಜಂತಿ, ಹಲಗೆ, ಮೇಲೆ ದಪ್ಪನೆಯ ಮಣ್ಣು. ಪ್ರತಿ ವರ್ಷ ಮಳೆಗೆ ಮುಂಚೆ ಮಾಳಿಗೆ ಹತ್ತಿ, ಹುಲ್ಲು ಕಿತ್ತು, ಸವಳು ಮಣ್ಣು ಹಾಕಿ ಬಡಿಯಬೇಕು. ಆ ಮಣ್ಣಿನಲ್ಲಿ ಹುಲ್ಲು ಬೇಗ ಹುಟ್ಟುವುದಿಲ್ಲ, ನೀರೂ ಸುಲಭಕ್ಕೆ ಇಳಿಯುವುದಿಲ್ಲ. ಮಣ್ಣು ಹಾಕುವುದು ತಪ್ಪಿದರೆ ಜಂತಿ ಕೊಳೆಯುತ್ತದೆ. ಜಪಾನಿನ ಶಿರಕಾವಾ ಹಳ್ಳಿಯಲ್ಲೂ ಹಾಗೆಯೇ. ಹುಲ್ಲಿನ ಮಾಡು ಹೊದಿಸಲು ಊರೇ ಕೂಡುವ ರೂಢಿ. ನಮ್ಮ ಮುಯ್ಯಾಳಿನಂಥ ಆ ಪದ್ಧತಿಗೆ ಅವರು ಯುಯಿ ಅನ್ನುತ್ತಾರೆ.

ಅಂದರೆ ಹಳೇ ಮನೆಗೆ ದುಡ್ಡು ಒಮ್ಮೆ ಬೇಕು, ಕೈಗಳು ಪ್ರತಿ ವರ್ಷ ಬೇಕು. ನಮ್ಮ ಕೈಗಳೆಲ್ಲ ಜೀಡಿಮೆಟ್ಲಾದಲ್ಲಿವೆ. ಈ ಕೈಗಳಿಗೆ ನಮ್ಮ ಲೆಜರಿನಲ್ಲಿ ಕಲಮೇ ಇಲ್ಲ.

ಕಾಕಾನಿಗೆ ಪತ್ರ ಹಾಕಿದ್ದೇನೆ: ತಂಗಿಯ ಎರಡನೇ ಕಂತು ದೀಪಾವಳಿಗೆ. ಅಲ್ಲಿವರೆಗೆ ತೊಲೆಗೆ ಕೈ ಹಚ್ಚಬೇಡ. ಮಿರಗದ ಮಳೆಗೆ ಮುಂಚೆ ನನ್ನ ಟ್ಯೂಷನ್ ದುಡ್ಡು ಹಿಡಿದು ಬರುತ್ತೇನೆ. ಸವಳು ಮಣ್ಣು ಎಲ್ಲಿ ಸಿಗುತ್ತದೆ, ಅಷ್ಟು ಮಾತ್ರ ನೋಡಿಡು.