ತಗಡಿನ ಡಬ್ಬಿ ಹತ್ತಿದ ಬೆಟ್ಟ

ಲಿವರ್‌ಪೂಲಿನಲ್ಲಿ ದಾದಿಯಾಗಿರುವ ಮಗಳ ಮನೆಗೆ ಹೋಗಿದ್ದವನು ಅಲ್ಲಿಂದ ಐಲ್ ಆಫ್ ಮ್ಯಾನ್ ದ್ವೀಪಕ್ಕೆ ಹೊರಟುದು ಮೋಟಾರುಸೈಕಲಿನ ಮೋಹದಿಂದಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿದ ನನಗೆ ಸ್ಕೂಟರನ್ನೂ ಸರಿಯಾಗಿ ಬಿಡಲು ಬಾರದು. ಹೊರಟುದು ಒಂದು ತಗಡಿನ ಡಬ್ಬಿಯ ಕಾರಣದಿಂದ. ಆ ಕಥೆಗೆ ಆಮೇಲೆ ಬರುತ್ತೇನೆ.

ಲಿವರ್‌ಪೂಲಿನ ಹಡಗು ಮೂರು ಗಂಟೆಯೊಳಗೆ ಡಗ್ಲಸ್ ಬಂದರನ್ನು ಮುಟ್ಟುತ್ತದೆ. ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಿನ ಸಮುದ್ರದಲ್ಲಿ ಐವತ್ತು ಕಿಲೋಮೀಟರಿನಷ್ಟು ಉದ್ದವಾಗಿ ಮಲಗಿರುವ ಈ ದ್ವೀಪದಲ್ಲಿ 1907ರಿಂದ ಟೂರಿಸ್ಟ್ ಟ್ರೋಫಿ ಎಂಬ ಮೋಟಾರುಸೈಕಲ್ ಪಂದ್ಯ ನಡೆಯುತ್ತಿದೆ. 1911ರಿಂದ ಅದು ಬೆಟ್ಟದ ಹಾದಿಯನ್ನೂ ಒಳಗೊಂಡಿತು. ಒಂದು ಸುತ್ತಿಗೆ 60.7 ಕಿಲೋಮೀಟರು. ಪಂದ್ಯಕ್ಕೆಂದೇ ಕಟ್ಟಿದ ರಸ್ತೆಯಲ್ಲ ಅದು. ಮಕ್ಕಳು ಶಾಲೆಗೆ ಹೋಗುವ, ಹಾಲಿನ ವಾಹನ ಓಡಾಡುವ ಊರ ರಸ್ತೆ. ಪಂದ್ಯದ ಹೊತ್ತಿಗೆ ಮುಚ್ಚುತ್ತಾರೆ, ಮುಗಿದ ಮೇಲೆ ತೆರೆಯುತ್ತಾರೆ.

ಅಳಿಯ ಕಾರು ಓಡಿಸುತ್ತಿದ್ದ. ಡಗ್ಲಸಿನ ಬ್ರೇ ಹಿಲ್ ಇಳಿಜಾರಿನಲ್ಲಿ ಎರಡೂ ಬದಿಗೆ ಮನೆಗಳು, ಅವುಗಳ ಮುಂದೆ ಹೂವಿನ ಕುಂಡಗಳು. ಅಲ್ಲಿಂದ ಬಲ್ಲಕ್ರೇನ್, ಕರ್ಕ್ ಮೈಕೆಲ್, ಬಲ್ಲಾಫ್. ನಮ್ಮಲ್ಲಿ ಹೆಸರಿನ ಕೊನೆಗೆ ಹಳ್ಳಿಯೋ ಬೈಲೋ ಸೇರುವಂತೆ ಅಲ್ಲಿ ಮೊದಲಿಗೆ ‘ಬಲ್ಲ’ ಸೇರುತ್ತದೆ. ಒಕ್ಕಲಿನ ಜಾಗವೆಂದು ಅರ್ಥ. ಬಲ್ಲಾಫಿನ ಗೂನು ಸೇತುವೆಯನ್ನು ನಾವು ಎತ್ತಿನಗಾಡಿಯ ವೇಗದಲ್ಲಿ ದಾಟಿದೆವು. ಪಂದ್ಯದವರು ಅಲ್ಲಿ ಎರಡೂ ಚಕ್ರ ನೆಲ ಬಿಟ್ಟು ಹಾರುತ್ತಾರೆ. ಹಾದಿಯುದ್ದಕ್ಕೂ ಕಲ್ಲಿನ ಗೋಡೆಗಳು. ಈ ಸುತ್ತಿನಲ್ಲಿ ಇದುವರೆಗೆ ಇನ್ನೂರೈವತ್ತಕ್ಕೂ ಹೆಚ್ಚು ಸವಾರರು ಪ್ರಾಣ ಕಳೆದುಕೊಂಡಿದ್ದಾರೆ. ಆ ಗೋಡೆಗಳ ಪಕ್ಕದಲ್ಲಿ ಸಾಗುವಾಗ ಈ ಲೆಕ್ಕ ಮನಸ್ಸಿನಿಂದ ಸರಿಯುವುದಿಲ್ಲ.

ಕಡಲ ತಡಿಯ ರ‍್ಯಾಮ್ಸೆ ದಾಟಿದೊಡನೆ ಏರು ಶುರು. ಸಮುದ್ರದ ಮಟ್ಟದಿಂದ 420 ಮೀಟರಿನಷ್ಟು ಎತ್ತರಕ್ಕೆ ರಸ್ತೆ ಹತ್ತುತ್ತದೆ. ಮರಗಳಿಲ್ಲ, ಹುಲ್ಲು, ಕುರಿ, ಮಂಜು. ಬಂಗಲೋ ಎಂಬಲ್ಲಿ ಕಾರು ನಿಲ್ಲಿಸಿ ಇಳಿದಾಗ ಮಂಜಿನೊಳಗಿನಿಂದ ಒಂದು ಟ್ರಾಮು ಬಂದು, ರಸ್ತೆಯ ಅಂಚಿನಲ್ಲಿ ನಿಂತು, ಅತ್ತಿತ್ತ ನೋಡಿ ದಾಟುವ ಅಜ್ಜಿಯಂತೆ ಪಂದ್ಯದ ಹಾದಿಯನ್ನು ದಾಟಿ ಸ್ನೇಫೆಲ್ ಶಿಖರದ ಕಡೆಗೆ ಹೋಯಿತು. ತಲೆಯ ಮೇಲೆ ವಿದ್ಯುತ್ ತಂತಿ. ಈ ಟ್ರಾಮು 1895ರಿಂದಲೂ ವಿದ್ಯುತ್ತಿನಿಂದಲೇ ಬೆಟ್ಟ ಹತ್ತುತ್ತಿದೆ. ಅಂದರೆ ಇಲ್ಲಿ ಪೆಟ್ರೋಲಿನ ಮೋಟಾರುಸೈಕಲಿಗಿಂತ ಮೊದಲೇ ವಿದ್ಯುತ್ತು ಬೆಟ್ಟದ ತುದಿ ಮುಟ್ಟಿತ್ತು. ಆದರೆ ಟ್ರಾಮಿಗೆ ತಂತಿಯ ಆಸರೆ ಉಂಟು. ಬೇಕಾದ ಶಕ್ತಿಯನ್ನೆಲ್ಲ ಹೊತ್ತುಕೊಂಡೇ ಹತ್ತುವ ಪ್ರಶ್ನೆ ಬೇರೆ.

ಆ ಪ್ರಶ್ನೆಗೆ ಉತ್ತರ ದೊರೆತುದು 2009ರ ಜೂನಿನಲ್ಲಿ. ಪೆಟ್ರೋಲಿನ ಹನಿಯೂ ಇಲ್ಲದ ವಾಹನಗಳಿಗೆಂದೇ ಒಂದು ಸುತ್ತಿನ ಪಂದ್ಯ ಏರ್ಪಟ್ಟಿತು. ಗೆದ್ದುದು ಅಗ್ನಿ ಎಂಬ ತಂಡ, ಸವಾರ ರಾಬ್ ಬಾರ್ಬರ್. ಸುಜುಕಿ ಬೈಕಿನ ಎಂಜಿನು ಕಿತ್ತು, ಆ ಜಾಗದಲ್ಲಿ ಎರಡು ಮೋಟರು ಮತ್ತು ಲಿಥಿಯಂ ಬ್ಯಾಟರಿಗಳನ್ನು ಕೂರಿಸಿದ್ದರು. ಇಪ್ಪತ್ತಾರು ನಿಮಿಷದೊಳಗೆ ಸುತ್ತು ಮುಗಿಯಿತು. ಸರಾಸರಿ ವೇಗ ಗಂಟೆಗೆ 140 ಕಿ.ಮೀ. ಅಗ್ನಿ ಎಂಬ ಹೆಸರು ನೋಡಿ ನಮ್ಮವರೇ ಇರಬೇಕೆಂದು ನಿಮಗೆ ಅನಿಸಿದ್ದರೆ ತಪ್ಪಲ್ಲ. ಮೋಟರು ತಯಾರಿಸುತ್ತಿದ್ದ ಆ ಕಂಪನಿ ಗುಜರಾತಿನದು.

ಮೋಟರಿನ ವಿನ್ಯಾಸ ಮಾತ್ರ ಸೆಡ್ರಿಕ್ ಲಿಂಚ್ ಎಂಬ ಆಂಗ್ಲರದು. ಹನ್ನೆರಡನೆಯ ವಯಸ್ಸಿನಲ್ಲೇ ಶಾಲೆ ಬಿಟ್ಟವರು. 1970ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಹವ್ಯಾಸಿಗಳು ಮನೆಯಲ್ಲೇ ಕಟ್ಟಿದ ಹಗುರ ಬ್ಯಾಟರಿ ವಾಹನಗಳ ಸ್ಪರ್ಧೆಗಳು ನಡೆಯುತ್ತಿದ್ದವು. ಆಗ ಕೈಗೆ ಸಿಗುತ್ತಿದ್ದುದು ಭಾರವಾದ ಸೀಸದ ಬ್ಯಾಟರಿ. ಅದರ ಶಕ್ತಿಯಲ್ಲಿ ಒಂದಿಷ್ಟನ್ನೂ ಪೋಲು ಮಾಡುವಂತಿರಲಿಲ್ಲ. ಪೇಟೆಯ ಮೋಟರುಗಳು ತಕ್ಕುದಲ್ಲವೆಂದು ಲಿಂಚ್ ತಾವೇ ಒಂದನ್ನು ಮಾಡಿದರು. ಅದರ ಕಬ್ಬಿಣದ ಭಾಗಕ್ಕೆ ಅವರು ಬಳಸಿದುದು ಸೂಪಿನ ಖಾಲಿ ಡಬ್ಬಿಗಳನ್ನು ಚಪ್ಪಟೆ ಮಾಡಿದ ತಗಡು. ಊಟದ ಬಟ್ಟಲಿನಂತೆ ಅಗಲವಾಗಿ, ತೆಳ್ಳಗಿರುವ ಆ ಮೋಟರಿನ ವಂಶದವೇ ಮೂವತ್ತು ವರ್ಷದ ಬಳಿಕ ಈ ಬೆಟ್ಟ ಹತ್ತಿದವು.

ಮಕ್ಕಳಿಗಾಗಿ ಒಂದು ಲೆಕ್ಕ. ಬೈಕೂ ಸವಾರನೂ ಸೇರಿ 300 ಕಿಲೋ ಎನ್ನೋಣ. 420 ಮೀಟರು ಎತ್ತಲು ಎಷ್ಟು ಶಕ್ತಿ ಬೇಕು? ದ್ರವ್ಯರಾಶಿ, ಗುರುತ್ವ, ಎತ್ತರ ಮೂರನ್ನೂ ಗುಣಿಸಿ ನೋಡಿ. ಮನೆಯ ಮೀಟರಿನ ಲೆಕ್ಕದಲ್ಲಿ ಒಂದು ಯೂನಿಟ್ಟಿನ ಮೂರನೆಯ ಒಂದು ಪಾಲು, ಅಷ್ಟೇ! ಬಂಗಲೋದಲ್ಲಿ ನಿಂತು ಹಳೆಯ ಲಕೋಟೆಯ ಹಿಂಬದಿಯಲ್ಲಿ ಇದನ್ನು ಬರೆದಾಗ ನನಗೇ ನಂಬಿಕೆ ಬರಲಿಲ್ಲ, ಮತ್ತೊಮ್ಮೆ ಗುಣಿಸಿದೆ. ನಿಜವಾದ ಶತ್ರು ಬೆಟ್ಟವಲ್ಲ, ಗಾಳಿ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಹಾಗಾಗಿ ಈ ಪಂದ್ಯದಲ್ಲಿ ಎಲ್ಲಿ ಓಡಿಸಬೇಕು, ಎಲ್ಲಿ ಕೈ ಬಿಗಿಹಿಡಿಯಬೇಕು ಎಂಬುದೇ ಜಾಣತನ. ಮುಂಗಡ ಸಂಬಳವಿಲ್ಲದ ಮನೆಯವರು ತಿಂಗಳ ಕೊನೆ ಮುಟ್ಟುವ ರೀತಿ ಅದು.

ಮುಂದಿನ ವರ್ಷಗಳಲ್ಲಿ ಗಂಟೆಗೆ 100 ಮೈಲಿ, ಅಂದರೆ 161 ಕಿ.ಮೀ. ಸರಾಸರಿಯಲ್ಲಿ ಮೊದಲು ಸುತ್ತಿದವರಿಗೆ ಅಲ್ಲಿನ ಸರಕಾರ 10,000 ಪೌಂಡಿನ ಬಹುಮಾನ ಇಟ್ಟಿತು. ಅಮೆರಿಕದ ಪೋರ್ಟ್‌ಲೆಂಡಿನ ಒಂದು ಸಣ್ಣ ತಂಡ 2011ರಲ್ಲಿ 99.6 ಮೈಲಿಗೆ ಬಂದು ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತು. 2012ರಲ್ಲಿ 104 ಮೈಲಿ ಮುಟ್ಟಿ ಗಿಟ್ಟಿಸಿಕೊಂಡಿತು. ಆಮೇಲೆ ಜಪಾನಿನ ಮುಗೆನಿನ ಸರದಿ. ದೊಡ್ಡ ಹಣ, ದೊಡ್ಡ ಪ್ರಯೋಗಶಾಲೆ. 2014ರಿಂದ ಗೆಲುವೆಲ್ಲ ಅವರದೇ. ಇನ್ನು ಮನೆಯ ಹಿತ್ತಲಿನವರ ಕಾಲ ಮುಗಿಯಿತೆಂದು ತಿಳಿಯಬೇಡಿ. 2018ರಲ್ಲಿ ಮುಗೆನ್ ಬೈಕು 121.8 ಮೈಲಿ ಸರಾಸರಿಯಲ್ಲಿ ಗೆದ್ದಾಗ 119.3 ಮೈಲಿಯೊಂದಿಗೆ ಹಿಂದೆಯೇ ಬಂದುದು ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಅಧ್ಯಾಪಕರೂ ಸೇರಿ ಕಟ್ಟಿದ ಬೈಕು! ಅದನ್ನು ಓಡಿಸಿದ ಡೇಲಿ ಮ್ಯಾಥಿಸನ್ ಮರುವರ್ಷ ಇದೇ ಸುತ್ತಿನಲ್ಲಿ, ಪೆಟ್ರೋಲ್ ಬೈಕಿನ ಪಂದ್ಯದಲ್ಲಿ, ತೀರಿಕೊಂಡರು. 2019ರ ಬಳಿಕ ವಿದ್ಯುತ್ ಪಂದ್ಯ ನಡೆದಿಲ್ಲ.

ಈಗ ನನ್ನ ಡಬ್ಬಿಯ ಕಥೆ. ಇಪ್ಪತ್ತು ವರ್ಷಕ್ಕೂ ಹಿಂದೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಉಪಜಿಲ್ಲಾ ವಿಜ್ಞಾನ ಮೇಳಕ್ಕೆಂದು ಒಂದು ವಸ್ತು ತಂದು ನನ್ನ ಮೇಜಿನ ಮೇಲಿಟ್ಟ. ಹಾಲಿನ ಪುಡಿಯ ಡಬ್ಬಿಯನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ ಪೇರಿಸಿ, ಸುತ್ತ ತಾಮ್ರದ ತಂತಿ ಸುತ್ತಿದ್ದ. ತಂದೆಯ ಹಳೆಯ ಸೈಕಲಿಗೆ ಅದನ್ನು ಜೋಡಿಸಿ ಓಡಿಸುವುದು ಅವನ ಯೋಜನೆ. ಬ್ಯಾಟರಿ ಕೊಟ್ಟಾಗ ಅದು ಒಮ್ಮೆ ನಡುಗಿ ನಿಂತುಬಿಟ್ಟಿತು. “ತಗಡಿನಲ್ಲಿ ಮೋಟರು ಆಗುತ್ತದೆಯೇನೋ? ಥರ್ಮಾಕೋಲಿನ ಸೌರಮಂಡಲ ಮಾಡು, ಹೋಗು” ಎಂದೆ. ಅವನು ಹಾಗೆಯೇ ಮಾಡಿದ. ಬಿ ಗ್ರೇಡು ಬಂತು. ತಗಡಿನ ಡಬ್ಬಿ ಎಂದರೆ ತವರ ಲೇಪಿಸಿದ ಉಕ್ಕಿನ ತೆಳು ಹಾಳೆ. ಮೋಟರಿನ ತಿರುಳನ್ನು ತೆಳು ಹಾಳೆಗಳ ಪದರದಿಂದಲೇ ಮಾಡಬೇಕು, ಇಲ್ಲವಾದರೆ ಅದರೊಳಗೆ ವಿದ್ಯುತ್ತಿನ ಸುಳಿ ಎದ್ದು ಶಕ್ತಿ ಬಿಸಿಯಾಗಿ ನಷ್ಟವಾಗುತ್ತದೆ. ಇದನ್ನು ಪ್ರತಿವರ್ಷ ಹತ್ತನೆಯ ತರಗತಿಗೆ ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸುತ್ತಿದ್ದವನು ನಾನೇ. ಮೇಜಿನ ಮೇಲೆ ಬಂದು ಕುಳಿತಾಗ ಗುರುತು ಹತ್ತಲಿಲ್ಲ. ಕೆಲವು ವರ್ಷಗಳ ಬಳಿಕ ಲಿಂಚರ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಆ ಹುಡುಗ ಈಗ ನಮ್ಮ ಪೇಟೆಯಲ್ಲಿ ಪಂಪುಸೆಟ್ಟಿನ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದಾನೆ. ಊರಿಗೆ ಮರಳಿದ ವಾರದಲ್ಲೇ ಬಂಗಲೋದ ಟ್ರಾಮಿನ ಚಿತ್ರವಿರುವ ಕಾರ್ಡು ಹಿಡಿದುಕೊಂಡು ಅಲ್ಲಿಗೆ ಹೋದೆ. ಅವನು ಕೈಗೆ ಹತ್ತಿದ ವಾರ್ನಿಷನ್ನು ಒರೆಸಿಕೊಂಡು ಸ್ಟೂಲು ಎಳೆದುಕೊಟ್ಟ. ಲಿಂಚರ ಕಥೆಯನ್ನೂ ನನ್ನ ತಪ್ಪನ್ನೂ ಒಟ್ಟಿಗೇ ಹೇಳಿದೆ. ತಪ್ಪಿನ ಮಾತು ಅವನ ಕಿವಿಗೆ ಬಿದ್ದಂತೆ ತೋರಲಿಲ್ಲ.

“ಮಾಷ್ಟ್ರೇ, ಅದಕ್ಕೆ ಎಷ್ಟು ಗೇಜಿನ ತಂತಿ ಹಾಕಿದ್ದರು?” ಎಂದು ಕೇಳಿದ.

ತಂತಿಯಲ್ಲ, ತಾಮ್ರದ ಚಪ್ಪಟೆ ಪಟ್ಟಿ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, ಆಮೇಲೆ ನೆಲದ ಮೇಲೆ ಬಿದ್ದಿದ್ದ ರಟ್ಟಿನ ತುಂಡೊಂದನ್ನು ಎತ್ತಿಕೊಂಡು ಪೆನ್ಸಿಲಿಗಾಗಿ ಕಿಸೆ ತಡಕಾಡಿದ.