ಸ್ಟೀಲ್ ಪಾತ್ರೆಯ ಚುಕ್ಕೆ

ಕಳೆದ ತಿಂಗಳು ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. "ಹುಡುಗಿ ಬೆಂಗಳೂರಿನಲ್ಲಿ ಏನು ಮಾಡ್ತಾಳೆ?" ಎಂದು ಹುಡುಗನ ತಾಯಿ ಕೇಳಿದರು. "ಕಂಪ್ಯೂಟರಿನಲ್ಲಿ ಕೆಲಸ" ಅಂದುಬಿಟ್ಟೆ. ಅವರು ಸಾಫ್ಟ್‌ವೇರ್ ಅಂದುಕೊಂಡು ಸಂಬಳ ಕೇಳಿದರು. ಮಗಳ ಮುಖ ಸಪ್ಪಗಾಯಿತು. ಪಿಎಚ್.ಡಿ. ಓದುತ್ತಾಳೆ ಎನ್ನಲು ನನಗೇಕೋ ಬಾಯಿ ಬರಲಿಲ್ಲ. ಏನು ಓದುತ್ತಾಳೆಂದು ನನಗೇ ಗೊತ್ತಿರಲಿಲ್ಲ, ನೋಡಿ.

ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಅವಳನ್ನೇ ಕೇಳಿದೆ. ನಾನು ಉಪ್ಪುನೀರು ತುಂಬಿಟ್ಟು ಕೆಡಿಸಿಕೊಂಡಿದ್ದ ಸ್ಟೀಲ್ ಪಾತ್ರೆಯನ್ನು ಎತ್ತಿಕೊಂಡಳು. ತಳದಲ್ಲಿ ಸೂಜಿ ಚುಚ್ಚಿದ ಹಾಗೆ ಚುಕ್ಕೆಗಳು. "ಅಮ್ಮಾ, ಇದು ಹೇಗಾಗುತ್ತೆ ಅಂತ ನೋಡೋದೇ ನನ್ನ ಕೆಲಸ" ಅಂದಳು.

ಒಳ್ಳೆಯ ಸ್ಟೀಲ್ ಪಾತ್ರೆಯಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ ಇರುತ್ತದಂತೆ. ಅದು ಗಾಳಿಯ ಆಮ್ಲಜನಕದೊಡನೆ ಸೇರಿ ಮೇಲೊಂದು ಪೊರೆ ಕಟ್ಟುತ್ತದೆ. ಹಾಲಿನ ಕೆನೆ ಅಂದುಕೊಳ್ಳಿ. ಆದರೆ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅಂಥ ಕೆಲವೇ ಪಾಲಿನಷ್ಟು ತೆಳು! ತುಕ್ಕು ತಡೆಯುವುದು ಅದೇ. ಲೋಹದೊಳಗೆ ಪರಮಾಣುಗಳು ಮುಸುಕಿನ ಜೋಳದ ಕಾಳಿನಂತೆ ಸಾಲಾಗಿ ಕೂತಿರುತ್ತವೆ. ಎಲ್ಲೋ ಒಂದು ಕಾಳು ಉದುರಿರುತ್ತದೆ, ಎಲ್ಲೋ ಸಾಲೇ ಸೊಟ್ಟಗಿರುತ್ತದೆ, ಎಲ್ಲೋ ಬೇರೆ ಜಾತಿಯ ಕಾಳು ನುಸುಳಿರುತ್ತದೆ. ಮೇಲ್ಮೈಯಲ್ಲಿರುವವಕ್ಕಂತೂ ಒಂದು ಕಡೆ ನೆರೆಹೊರೆಯೇ ಇಲ್ಲ, ಹೊರಗಿನವರು ಬಂದರೆ ಬೇಗ ಅಂಟಿಕೊಳ್ಳುತ್ತವೆ. ಉಪ್ಪಿನಲ್ಲಿರುವ ಕ್ಲೋರೈಡ್ ಇಂಥ ಕುಂದಿರುವ ಕಡೆಯೇ ಪೊರೆ ಹರಿದು ಒಳಗಿಳಿಯುತ್ತದೆ.

"ಇಷ್ಟಕ್ಕೆ ಕಂಪ್ಯೂಟರ್ ಯಾಕೆ? ಭೂತಗನ್ನಡಿ ಸಾಲದೆ?" ಅಂದೆ. ಮೊದಲ ಕಾಳು ಕದಲುವ ಗಳಿಗೆ ಕಣ್ಣಿಗೆ ಸಿಗುವುದು ಬಲು ಕಷ್ಟವಂತೆ. ಅದಕ್ಕೇ ಕೆಲವು ನೂರು ಪರಮಾಣುಗಳನ್ನು ಲೆಕ್ಕದಲ್ಲೇ ಜೋಡಿಸಿ, ಒಂದನ್ನು ಬೇಕೆಂದೇ ಕಿತ್ತು, ಕ್ಲೋರಿನ್ ಹತ್ತಿರ ತಂದು, ಎಲ್ಲಿ ಅಂಟುತ್ತದೆ, ಎಷ್ಟು ಗಟ್ಟಿಯಾಗಿ ಎಂದು ನೋಡುತ್ತಾರೆ. 1960ರಲ್ಲೇ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದವರು ಸುಮಾರು 500 ತಾಮ್ರದ ಪರಮಾಣುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ವಿಕಿರಣದಿಂದ ಲೋಹ ಹೇಗೆ ಕೆಡುತ್ತದೆಂದು ನೋಡಿದ್ದರು. ಎಲೆಕ್ಟ್ರಾನುಗಳ ಲೆಕ್ಕವನ್ನು ಸುಲಭ ಮಾಡಿದ ವಾಲ್ಟರ್ ಕೋನ್ ಅವರಿಗೆ 1998ರಲ್ಲಿ ನೊಬೆಲ್ ಬಂತು. ಆದರೂ ಒಂದೊಂದು ಲೆಕ್ಕಕ್ಕೆ ದಿನಗಟ್ಟಲೆ ಹಿಡಿಯುತ್ತದೆ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೂ "ಲೆಕ್ಕ ಓಡ್ತಿದೆಯಮ್ಮಾ" ಅನ್ನುತ್ತಿದ್ದಳಲ್ಲ, ನಾನು ನೆಪ ಅಂದುಕೊಂಡಿದ್ದೆ.

ಈಗ ನೀರು ಕುದಿದ ಮೇಲೇ ಉಪ್ಪು ಹಾಕಿ ಕಲಕುತ್ತೇನೆ. ತಣ್ಣೀರಿಗೆ ಹಾಕಿದರೆ ಹರಳು ತಳದಲ್ಲೇ ಕೂತು ಪಾತ್ರೆಯನ್ನು ತಿನ್ನುತ್ತದೆ. ನೀವೂ ಹಾಗೇ ಮಾಡಿ.

ಮರುದಿನ ಹುಡುಗನ ತಾಯಿಗೆ ನಾನೇ ಫೋನ್ ಮಾಡಿದೆ. "ಸಾಫ್ಟ್‌ವೇರ್ ಅಲ್ಲ ರೀ. ಲೋಹ ಎಲ್ಲಿಂದ ಕೆಡೋಕೆ ಶುರುವಾಗುತ್ತೆ ಅಂತ ಕಂಡುಹಿಡಿಯೋ ಓದು. ಇನ್ನೂ ಮೂರು ವರ್ಷ ಬೇಕು. ಬರೋದು ಸಂಬಳ ಅಲ್ಲ, ವಿದ್ಯಾರ್ಥಿವೇತನ. ನಿನ್ನೆ ನಾನು ಸರಿಯಾಗಿ ಹೇಳಲಿಲ್ಲ" ಅಂದೆ. ನಮ್ಮವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. "ಮನೆಯಲ್ಲಿ ಕೇಳಿ ಹೇಳ್ತೀವಿ" ಅಂದರು.

ಇನ್ನೂ ಹೇಳಿಲ್ಲ. ಮಗಳು ಬೆಂಗಳೂರಿಗೆ ಹೊರಡುವಾಗ ಆ ಚುಕ್ಕೆ ಬಿದ್ದ ಪಾತ್ರೆಯನ್ನೂ ಚೀಲಕ್ಕೆ ಹಾಕಿಕೊಂಡು ಹೋದಳು.